ಹಳೆ ಮಾರುತಿಯ ಮ್ಯಾನಿಫೋಲ್ಡ್ ಸ್ಟಡ್: ಯಾವುದು ಕೊಳ್ಳಬೇಕು, ಜಾಮ್ ಆದದ್ದನ್ನು ಯಾವುದರಿಂದ ಬಿಚ್ಚಬೇಕು

ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಟಕ್‌ಟಕ್ ಸದ್ದು. ಹತ್ತು ನಿಮಿಷ ಓಡಿಸಿದರೆ ಸದ್ದೇ ಇಲ್ಲ. ಹೀಗಾದಾಗ ಹೆಚ್ಚಿನವರು ಟ್ಯಾಪೆಟ್ ಅಡ್ಜಸ್ಟ್ ಮಾಡಿಸಲು ಹೊರಡುತ್ತಾರೆ. ಅದಕ್ಕೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಯ್ಯುವ ಕೊಳವೆ) ಎಂಜಿನ್ನಿನ ಹೆಡ್‌ಗೆ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಪ್ಯಾಕಿಂಗ್ (ಗ್ಯಾಸ್ಕೆಟ್) ಅಂಚಿನಲ್ಲಿ ಕಪ್ಪು ಮಸಿ ಕಟ್ಟಿದ್ದರೆ, ತುದಿಯ ಒಂದು ನಟ್ಟು ಸಡಿಲವಾಗಿದ್ದರೆ ಅಥವಾ ಸ್ಟಡ್ಡೇ (ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟು) ಮುರಿದು ಕಾಣೆಯಾಗಿದ್ದರೆ ಸದ್ದು ಅಲ್ಲಿಯದೇ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆ. ಹಾಗೆಂದು ಬಿಟ್ಟುಬಿಡುವಂತಿಲ್ಲ. ಸೋರಿದ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದು ಗಾಳಿಯ ಕಿಂಡಿಯಿಂದ ಕಾರಿನೊಳಗೆ ಬರಬಹುದು. ಎಂಪಿಎಫ್‌ಐ (ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಸಿಂಪಡಿಸುವ) ಗಾಡಿಯಾದರೆ ಆ ಸಂದಿನಿಂದ ಒಳಸೇರುವ ಗಾಳಿಯನ್ನು ಆಕ್ಸಿಜನ್ ಸೆನ್ಸರ್ ತಪ್ಪಾಗಿ ಓದಿ, ಬೇಡದಿದ್ದರೂ ಹೆಚ್ಚು ಪೆಟ್ರೋಲ್ ಹಾಕಿಸುತ್ತದೆ.

ಈ ವಿಮರ್ಶೆ ಆ ಕೆಲಸಕ್ಕೆ ಅಂಗಡಿಯಲ್ಲಿ ಸಿಗುವ ಸ್ಟಡ್, ಬೋಲ್ಟು, ನಟ್ಟು, ತುಕ್ಕು ಬಿಡಿಸುವ ಎಣ್ಣೆ ಮತ್ತು ಸಲಕರಣೆಗಳ ಬಗ್ಗೆ. ನಮ್ಮ ಕಣ್ಣಮುಂದಿರುವುದು ಅಲ್ಯೂಮಿನಿಯಂ ಹೆಡ್, ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಇರುವ ಹಳೆಯ ಸುಜುಕಿ ಎಂಜಿನ್‌ಗಳು: ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಫ್8ಬಿ, ಜಿಪ್ಸಿಯ 1298 ಸಿಸಿ ಎಂಜಿನ್. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕಂಪನಿಯ ಜೆನ್ಯೂಯಿನ್ ಸ್ಟಡ್, ತಾಮ್ರದ ಲೇಪನದ ಲಾಕ್ ನಟ್ಟು, ಹೊಸ ಪ್ಯಾಕಿಂಗ್. ಸ್ಟಡ್ ಸಿಗದಿದ್ದರೆ 8.8 ಗ್ರೇಡಿನ ಸ್ಟಡ್. ಉಕ್ಕಿನ ಶಕ್ತಿ ಹೇಳುವ ಈ ಗ್ರೇಡಿನ ಅಂಕಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ.

ಯಾಕೆಂದರೆ ಇಲ್ಲಿ ಸ್ಟಡ್ ಮುರಿಯುವುದು ಎಳೆತದಿಂದಲ್ಲ, ಬಾಗಿ ಬಾಗಿ. 300 ಮಿ.ಮೀ. ಉದ್ದದ ಮ್ಯಾನಿಫೋಲ್ಡ್ ಲೆಕ್ಕ ಹಾಕಿ. ಬೀಡುಕಬ್ಬಿಣ 500 ಡಿಗ್ರಿ ಬಿಸಿ ಏರಿದರೆ ಸುಮಾರು 1.6 ಮಿ.ಮೀ. ಉದ್ದವಾಗುತ್ತದೆ. ಅಲ್ಯೂಮಿನಿಯಂ ಅದಕ್ಕಿಂತ ಎರಡು ಪಟ್ಟು ಹಿಗ್ಗುವ ಲೋಹವಾದರೂ ನೀರು ಹರಿಯುವ ಹೆಡ್ ಏರುವುದು 70 ಡಿಗ್ರಿಯಷ್ಟೇ, ಹಾಗಾಗಿ ಅದರ ಹಿಗ್ಗು ಅರ್ಧ ಮಿ.ಮೀ. ದಾಟುವುದಿಲ್ಲ. ಉಳಿದ ಒಂದು ಮಿ.ಮೀ. ಚಿಲ್ಲರೆಯನ್ನು ಎರಡು ತುದಿಗಳು ಹಂಚಿಕೊಳ್ಳಬೇಕು. ಪ್ರತಿ ಸಲ ಬಿಸಿಯಾದಾಗ ತುದಿಯ ಸ್ಟಡ್ ಅರ್ಧ ಮಿ.ಮೀ. ಆಚೆ, ತಣ್ಣಗಾದಾಗ ಈಚೆ. ಮಧ್ಯದ ಸ್ಟಡ್‌ಗಳು ಇಪ್ಪತ್ತು ವರ್ಷ ಬಾಳಿ ತುದಿಯವೇ ಮುರಿಯುವುದಕ್ಕೆ ಕಾರಣ ಇದು. ಮ್ಯಾನಿಫೋಲ್ಡಿನ ತುದಿಯ ತೂತುಗಳನ್ನು ಸ್ವಲ್ಪ ದೊಡ್ಡದಾಗಿ ಕೊರೆಯುವುದೂ ಇದಕ್ಕೇ. ಆ ಜಾಗದಲ್ಲಿ ಬುಷ್ ಹಾಕಿ ಬಿಗಿ ಮಾಡಿಕೊಡುತ್ತೇನೆ ಎನ್ನುವವರಿದ್ದರೆ ಬೇಡ ಎನ್ನಿ.

ಈಗ ಒಂದೊಂದಾಗಿ. 8.8 ಗ್ರೇಡಿನ ಕಪ್ಪು ಸ್ಟಡ್, ಬೋಲ್ಟುಗಳು ಎಲ್ಲೆಡೆ ಸಿಗುತ್ತವೆ. 800 ಮೆಗಾಪಾಸ್ಕಲ್ ಎಳೆತ ತಡೆಯುವ, ಕನಿಷ್ಠ 425 ಡಿಗ್ರಿಯಲ್ಲಿ ಟೆಂಪರ್ ಮಾಡಿದ (ಕಾಯಿಸಿ ಹದಗೊಳಿಸಿದ) ಉಕ್ಕು. ಮ್ಯಾನಿಫೋಲ್ಡಿನ ಬುಡದಲ್ಲಿ ಸ್ಟಡ್ ಸಾಮಾನ್ಯವಾಗಿ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಸಾಕು. 10.9ಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ: ಇಲ್ಲಿನ ಬಿಗಿತ 8.8ರ ಶಕ್ತಿಗೂ ಎಷ್ಟೋ ಕೆಳಗಿರುತ್ತದೆ, ಮತ್ತು ಹೆಚ್ಚು ಗಡಸಾದ ಸ್ಟಡ್ ಮುರಿದರೆ ಡ್ರಿಲ್ ಮಾಡುವವನಿಗೆ ಕಷ್ಟ ಹೆಚ್ಚು. ಕೆಟ್ಟ ಆಯ್ಕೆಯೆಂದರೆ 12.9ರ ಅಲೆನ್ ಬೋಲ್ಟು. ಅನ್‌ಬ್ರಾಕೊ ಅಲೆನ್ ಬೋಲ್ಟುಗಳು ಯಂತ್ರ, ಡೈ ಕೆಲಸಕ್ಕೆ ಅತ್ಯುತ್ತಮ, ಇಲ್ಲಿಗಲ್ಲ. ಅದರ ಆರುಮೂಲೆ ಗುಂಡಿಯಲ್ಲಿ ತುಕ್ಕು, ಮಸಿ ತುಂಬಿಕೊಂಡು ಎರಡು ಮಳೆಗಾಲ ಕಳೆದ ಮೇಲೆ ಅಲೆನ್ ಕೀ ಸ್ಲಿಪ್ ಆಗುತ್ತದೆ, ಹೊರಗಿನಿಂದ ಹಿಡಿಯಲು ಮೂಲೆಗಳೂ ಇರುವುದಿಲ್ಲ.

ಬಿಳಿ ಅಥವಾ ಹಳದಿ ಜಿಂಕ್ ಪ್ಲೇಟಿಂಗ್ ಇರುವುದು ನೋಡಲು ಚೆಂದ. ಆದರೆ ಜಿಂಕ್ 419 ಡಿಗ್ರಿಗೇ ಕರಗುವ ಲೋಹ, ಅದಕ್ಕಿಂತ ಎಷ್ಟೋ ಮುಂಚೆ ಲೇಪನ ಸತ್ವ ಕಳೆದುಕೊಳ್ಳುತ್ತದೆ. ಮುಂದೆ ಬಿಚ್ಚುವಾಗ ಗ್ಯಾಸ್ ಬೆಂಕಿ ಹಿಡಿದರೆ ಬರುವ ಬಿಳಿ ಹೊಗೆ ಉಸಿರಿಗೆ ಹೋದರೆ ಜ್ವರವೇ ಬರುತ್ತದೆ. ಕಪ್ಪು ಬಣ್ಣದ್ದೇ ತೆಗೆದುಕೊಳ್ಳಿ.

ಸ್ಟೇನ್‌ಲೆಸ್ ಬಗ್ಗೆ ಜನಕ್ಕೆ ಮೋಹ ಜಾಸ್ತಿ. ತುಕ್ಕು ಹಿಡಿಯದು ಎಂಬುದು ನಿಜ. ಮಂಗಳೂರು, ಉಡುಪಿಯ ಉಪ್ಪು ಗಾಳಿಯಲ್ಲಿ ಓಡುವ ಗಾಡಿಗೆ ಅದು ಸಣ್ಣ ಲಾಭವಲ್ಲ. ಆದರೆ ಮೂರು ತೊಡಕುಗಳಿವೆ. ಎ2-70 ಗುರುತಿನ ಸ್ಟೇನ್‌ಲೆಸ್ ಬೀಡುಕಬ್ಬಿಣಕ್ಕಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ, ಹಾಗಾಗಿ ಬಿಸಿಯಲ್ಲಿ ಹಿಡಿತ ಸಡಿಲುತ್ತದೆ. ಸ್ಟೇನ್‌ಲೆಸ್ ಸ್ಟಡ್ ಮೇಲೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದಂತೆ ತಿರುಗಿಸಿದರೆ ಥ್ರೆಡ್‌ಗಳು ಒಂದಕ್ಕೊಂದು ಕಚ್ಚಿಕೊಂಡು ಅಲ್ಲೇ ಬೆಸೆದುಹೋಗುತ್ತವೆ. ಆಮೇಲೆ ಕತ್ತರಿಸುವುದೊಂದೇ ದಾರಿ. ಮೂರನೆಯದು ನಮ್ಮ ಮಾರುಕಟ್ಟೆಯದು. ‘ಎಸ್‌ಎಸ್’ ಎಂದು ಮಾರುವುದರಲ್ಲಿ 202 ದರ್ಜೆಯ ಮಾಲೂ ಸೇರಿರುತ್ತದೆ, ಅದು 304ರಷ್ಟು ತುಕ್ಕು ತಡೆಯುವುದಿಲ್ಲ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಇದನ್ನು ಹಿಡಿಯಲಾರದು, 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬೋಲ್ಟಿನ ತಲೆಯ ಮೇಲೆ ಎ2-70 ಅಥವಾ ಎ4-80 ಎಂಬ ಗುರುತು, ಜೊತೆಗೆ ತಯಾರಕರ ಗುರುತು ಎರಡೂ ಇದ್ದರೆ ಮಾತ್ರ ಕೊಳ್ಳಿ. ಕರಾವಳಿಯ ಗಾಡಿಗೆ ಸ್ಟೇನ್‌ಲೆಸ್ ಹಾಕಲೇಬೇಕೆಂದಿದ್ದರೆ ಹಿತ್ತಾಳೆ ನಟ್ಟಿನ ಜೊತೆ, ನಿಕಲ್ ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಸವರುವ ಪೇಸ್ಟ್) ಹಚ್ಚಿ ಹಾಕಿ. ಘಟ್ಟದ ಮೇಲಿನ ಗಾಡಿಗಳಿಗೆ ಇದರ ಅಗತ್ಯ ಕಾಣುವುದಿಲ್ಲ.

ನಟ್ಟಿನ ವಿಷಯ ಸ್ಟಡ್‌ಗಿಂತ ದೊಡ್ಡದು. ಬಾಯಿಯನ್ನು ತುಸು ಅಂಡಾಕಾರಕ್ಕೆ ಒತ್ತಿದ, ತಾಮ್ರ ಲೇಪಿಸಿದ ಉಕ್ಕಿನ ನಟ್ಟು ಈ ಜಾಗಕ್ಕೆಂದೇ ಮಾಡಿದ್ದು: ನಡುಕಕ್ಕೆ ಬಿಚ್ಚಿಕೊಳ್ಳದು, ತಾಮ್ರ ನಡುವೆ ಇರುವುದರಿಂದ ತುಕ್ಕಿಗೆ ಕಚ್ಚಿಕೊಳ್ಳದು. ಹಿತ್ತಾಳೆ ನಟ್ಟು ಹಳೆಯ ಕಾಲದ ಒಳ್ಳೆಯ ಪರಿಹಾರ. ಮೆತ್ತಗಿರುವುದರಿಂದ ಎತ್ತರ ಹೆಚ್ಚಿರುವುದನ್ನು, ಎಂ8 (8 ಮಿ.ಮೀ. ಸ್ಟಡ್ಡಿನದು) ಆದರೆ ಕನಿಷ್ಠ 10 ಮಿ.ಮೀ. ಇರುವುದನ್ನು ಆರಿಸಿ. ತೆಳು ಹಿತ್ತಾಳೆ ನಟ್ಟಿನ ಥ್ರೆಡ್ ಬೇಗ ಹೋಗುತ್ತದೆ. ನೈಲಾಕ್ ನಟ್ಟು ಎಷ್ಟೇ ಒಳ್ಳೆಯ ಕಂಪನಿಯದಾದರೂ ಇಲ್ಲಿಗೆ ಬಾರದು, ಸುಮಾರು 120 ಡಿಗ್ರಿಯ ಆಚೆ ಅದರ ನೈಲಾನ್ ಉಂಗುರ ಹಿಡಿತ ಬಿಡುತ್ತದೆ. ಸ್ಪ್ರಿಂಗ್ ವಾಷರ್ ಕೂಡ ಬಿಸಿಗೆ ಬಲ ಕಳೆದುಕೊಂಡು ಬರಿಯ ಬಿಲ್ಲೆಯಾಗುತ್ತದೆ.

ಸ್ಟಡ್ ಬದಲು ಬೋಲ್ಟು ಹಾಕಿದರೇನು ಎಂದು ಕೇಳುವವರುಂಟು. ಬೋಲ್ಟನ್ನು ಪ್ರತಿ ಸಲ ಬಿಚ್ಚಿ ಹಾಕುವಾಗ ಸವೆಯುವುದು ಹೆಡ್ಡಿನ ಅಲ್ಯೂಮಿನಿಯಂ ಥ್ರೆಡ್. ಸ್ಟಡ್ ಇದ್ದರೆ ಸವೆಯುವುದು ನಟ್ಟು. ಜೊತೆಗೆ ಭಾರದ ಮ್ಯಾನಿಫೋಲ್ಡನ್ನು ಪ್ಯಾಕಿಂಗ್ ಸಮೇತ ಸ್ಟಡ್‌ಗಳ ಮೇಲೆ ನೇತುಹಾಕಬಹುದು, ಒಬ್ಬರೇ ಕೆಲಸ ಮಾಡುವಾಗ ಇದು ದೊಡ್ಡ ಅನುಕೂಲ.

ಅಳತೆಯಲ್ಲಿ ಎರಡು ಕಡೆ ಎಡವುತ್ತಾರೆ. ಈ ಎಂಜಿನ್‌ಗಳಲ್ಲಿ ಎಂ8, 1.25 ಮಿ.ಮೀ. ಪಿಚ್ (ಥ್ರೆಡ್ಡಿನಿಂದ ಥ್ರೆಡ್ಡಿಗೆ ಇರುವ ಅಂತರ). ಜಪಾನಿ ವಿನ್ಯಾಸವಾದ್ದರಿಂದ ಮೂಲ ನಟ್ಟಿಗೆ 12 ಮಿ.ಮೀ. ಸ್ಪ್ಯಾನರ್, ಆದರೆ ಸಾಮಾನ್ಯ ಅಂಗಡಿಯ ಎಂ8 ನಟ್ಟಿಗೆ 13. ಒಂದು ಮಿ.ಮೀ. ವ್ಯತ್ಯಾಸ ಅಲ್ಪವೆನಿಸಿದರೂ ಮ್ಯಾನಿಫೋಲ್ಡಿನ ಪೈಪು ಪಕ್ಕದಲ್ಲೇ ಇರುವ ಕಡೆ 13ರ ಸಾಕೆಟ್ ಒಳಗೇ ಹೋಗುವುದಿಲ್ಲ. ಎರಡನೆಯದು ಉದ್ದ. ಅಲ್ಯೂಮಿನಿಯಂ ಒಳಗೆ 12ರಿಂದ 16 ಮಿ.ಮೀ. ಥ್ರೆಡ್ ಕೂರಬೇಕು, ಹೊರಗೆ ಮ್ಯಾನಿಫೋಲ್ಡಿನ ಚಪ್ಪಟೆ ಫ್ಲ್ಯಾಂಜ್, ಪ್ಯಾಕಿಂಗ್, ನಟ್ಟು ಸೇರಿ ಮೇಲೆ ಎರಡು ಥ್ರೆಡ್ ಕಾಣಬೇಕು. ಸರಿಯಿರುವ ಒಂದು ಹಳೆಯ ಸ್ಟಡ್ಡನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಅಂಬಾಸಿಡರ್‌ನ ಹಳೆಯ 1489 ಸಿಸಿ ಎಂಜಿನ್ ಇದ್ದವರು ಇನ್ನೂ ಎಚ್ಚರ ವಹಿಸಬೇಕು. ಅದು ಇಂಚಿನ ಥ್ರೆಡ್. 5/16 ಇಂಚು ಎಂದರೆ 7.94 ಮಿ.ಮೀ., ಎಂ8ಗೆ ಎಷ್ಟು ಹತ್ತಿರವೆಂದರೆ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚುತ್ತದೆ. ಅಲ್ಲಿ ಬಲ ಹಾಕಿದರೆ ಥ್ರೆಡ್ ಹೋಯಿತು.

ಬೆಂಗಳೂರಿನಲ್ಲಿ ಜೆನ್ಯೂಯಿನ್ ಸ್ಟಡ್, ಪ್ಯಾಕಿಂಗ್‌ಗೆ ಜೆ.ಸಿ. ರಸ್ತೆ, ಬಿಡಿ ಬೋಲ್ಟು, ಟ್ಯಾಪ್, ಡ್ರಿಲ್ ಬಿಟ್‌ಗೆ ಎಸ್.ಪಿ. ರಸ್ತೆ ಒಳ್ಳೆಯದು. ಗ್ರೇಡಿನ ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿಯ ಜೊತೆ ಟಿವಿಎಸ್‌ನಂಥ ತಯಾರಕರ ಗುರುತು ಸ್ಪಷ್ಟವಾಗಿ ಅಚ್ಚಾಗಿರಬೇಕು. ಅಂಕಿಯಿದ್ದು ತಯಾರಕರ ಗುರುತಿಲ್ಲದ್ದನ್ನು ಬಿಟ್ಟುಬಿಡಿ. ಲೇತ್ ಅಂಗಡಿಯಲ್ಲಿ ಎಂಎಸ್ ರಾಡಿನಿಂದ ಸ್ಟಡ್ ಮಾಡಿಸುವುದು ನಮ್ಮಲ್ಲಿ ಮಾಮೂಲು. ಮೆತ್ತನೆ ಉಕ್ಕು ಬಿಸಿಯಲ್ಲಿ ಎಳೆದುಕೊಂಡು ಕೆಲವೇ ತಿಂಗಳಲ್ಲಿ ಸಡಿಲುತ್ತದೆ. ಮಾಡಿಸಲೇಬೇಕಾದರೆ 8.8ರ ಉದ್ದ ಬೋಲ್ಟಿನ ತಲೆ ಕತ್ತರಿಸಿ ಥ್ರೆಡ್ ಹಾಕಿಸಿ.

ಇನ್ನು ಬಿಚ್ಚುವ ಸಾಮಾನು. ಎಣ್ಣೆಗಳಲ್ಲಿ ಮಾಮೂಲಿ ಡಬ್ಲ್ಯೂಡಿ-40 ಮೂಲತಃ ತೇವ ಓಡಿಸಲು ಮಾಡಿದ್ದು. ಲಘು ತುಕ್ಕಿಗೆ ನಡೆಯುತ್ತದೆ, ಇಪ್ಪತ್ತು ವರ್ಷದ ಮ್ಯಾನಿಫೋಲ್ಡ್ ನಟ್ಟಿಗೆ ಸಾಲದು. ಅದೇ ಕಂಪನಿಯ ಪೆನೆಟ್ರಂಟ್, ಅಥವಾ ವುರ್ತ್‌ನ ರಾಸ್ಟ್ ಆಫ್ ಥರದ್ದು ಈ ಕೆಲಸಕ್ಕೆಂದೇ ಇರುವಂಥವು. ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ) ಮತ್ತು ಅಸಿಟೋನ್ ಸಮಪಾಲು ಬೆರೆಸಿ ಹಾಕುವವರಿದ್ದಾರೆ. ಕೆಲಸ ಮಾಡುತ್ತದೆ, ಆದರೆ ಎರಡೂ ಬೇರ್ಪಡುವುದರಿಂದ ಪ್ರತಿ ಸಲ ಕುಲುಕಬೇಕು, ಅಸಿಟೋನ್‌ಗೆ ಬೆಂಕಿ ಥಟ್ಟನೆ ಹತ್ತುತ್ತದೆ, ಹಚ್ಚಿದ ಜಾಗದ ಬಣ್ಣವೂ ಹೋಗುತ್ತದೆ. ಯಾವ ಎಣ್ಣೆಯಾದರೂ ಮೊದಲು ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿ, ತಣ್ಣಗಿರುವಾಗ ಹಿಂದಿನ ಸಂಜೆಯೇ ಹಾಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ಹಾಕಬೇಕು. ಬಿಸಿ ಮ್ಯಾನಿಫೋಲ್ಡ್ ಮೇಲೆ ಸ್ಪ್ರೇ ಮಾಡಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಸಾಕೆಟ್ ಆರು ಮೂಲೆಯದೇ ಆಗಬೇಕು. ಹನ್ನೆರಡು ಮೂಲೆಯ ಸಾಕೆಟ್, ಸವೆದ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಉರುಟು ಮಾಡಿಬಿಡುತ್ತವೆ. 12ರ ಸಾಕೆಟ್ ಆಡುತ್ತಿದ್ದರೆ 11 ಮಿ.ಮೀ. ಅಥವಾ 7/16 ಇಂಚಿನದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ. ಸ್ಟಡ್ಡಿನ ತುದಿಗೆ ನೇರವಾಗಿ ನಾಲ್ಕಾರು ಪೆಟ್ಟು ಕೊಟ್ಟು, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಕಾಲು ಸುತ್ತು ಬಂದರೆ ಅದರಲ್ಲಿ ಅರ್ಧದಷ್ಟು ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಮುಂದಕ್ಕೆ. ಹಿಡಿದ ಕೈಗೆ ರಬ್ಬರ್ ತಿರುವಿದಂತೆ ಮೆತ್ತಗೆ ಅನಿಸಿದರೆ ತಕ್ಷಣ ನಿಲ್ಲಿಸಿ: ನಟ್ಟು ತಿರುಗುತ್ತಿಲ್ಲ, ಸ್ಟಡ್ ಹುರಿಗೊಳ್ಳುತ್ತಿದೆ. ಇನ್ನೊಂದು ಕಾಲು ಸುತ್ತಿಗೆ ಮುರಿಯುತ್ತದೆ. ಇಲ್ಲಿ ಉದ್ದ ಪೈಪ್ ಹಾಕಿ ಎಳೆಯುವುದು, ಇಂಪ್ಯಾಕ್ಟ್ ಗನ್ ಪೂರ್ತಿ ಜೋರಿನಲ್ಲಿ ಬಿಡುವುದು ಹೆಡ್ಡಿನ ಹಾಳಿಗೆ ದಾರಿ.

ಆ ಹಂತದಲ್ಲಿ ಎಣ್ಣೆಗಿಂತ ಬಿಸಿಯೇ ಮೇಲು. ಬಿಸಿ ಮುಟ್ಟಿಸಬೇಕಾದ್ದು ನಟ್ಟಿಗೆ, ಸ್ಟಡ್ಡಿಗಲ್ಲ. ನಮ್ಮ ಮೊದಲ ಆಯ್ಕೆ ಇಂಡಕ್ಷನ್ ಹೀಟರ್: 1000 ವ್ಯಾಟ್ ಆಸುಪಾಸಿನದು ಸುರುಳಿಯೊಳಗಿನ ನಟ್ಟನ್ನು ಅರ್ಧ ನಿಮಿಷದಲ್ಲಿ ಕೆಂಪಾಗಿಸುತ್ತದೆ, ಬೆಂಕಿಯ ಜ್ವಾಲೆ ಇಲ್ಲ, ಪಕ್ಕದ ಅಲ್ಯೂಮಿನಿಯಂಗೆ ಬಿಸಿ ಕಡಿಮೆ. ಸಲಕರಣೆ ದುಬಾರಿ, ಸುರುಳಿಗಳು ಬೇಗ ಸುಟ್ಟುಹೋಗುತ್ತವೆ ಎಂಬುದು ಅದರ ಕೊರತೆ. ಗ್ಯಾರೇಜ್ ಇಟ್ಟವರಿಗೆ ಲಾಭ, ಒಂದು ಕಾರಿಗಾಗಿ ಕೊಳ್ಳುವಂಥದಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಗ್ಯಾಸ್ ಟಾರ್ಚ್ ನಿಧಾನ, ಆದರೂ ಸಾಕಾಗುತ್ತದೆ. ಗ್ಯಾಸ್ ಕಟ್ಟರ್‌ನ ಆಕ್ಸಿ-ಅಸಿಟಲೀನ್ ಜ್ವಾಲೆಯನ್ನು ಅಲ್ಯೂಮಿನಿಯಂ ಹೆಡ್ ಬಳಿ ಹಿಡಿಯುವುದು ಅಪಾಯ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ. ಬಣ್ಣ ಬದಲಾಗದೆಯೇ ಕುಸಿದುಬಿಡುತ್ತದೆ. ಬೆಂಕಿ ಹಚ್ಚುವ ಮುನ್ನ ಬ್ಯಾಟರಿ ತಂತಿ ತೆಗೆಯಿರಿ, ಪೆಟ್ರೋಲ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಹತ್ತಿರವಿದ್ದರೆ ಕಾರ್ಬೊರೇಟರ್ ಕಳಚಿ ದೂರವಿಡಿ, ಹಾಕಿದ ಎಣ್ಣೆ ಒರೆಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತೊಳೆದ ಜಾಗಕ್ಕೆ ಬೆಂಕಿ ತಾಗಿಸಲೇಬೇಡಿ, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ನಟ್ಟು ಮಂದ ಕೆಂಪಾದ ಮೇಲೆ ಬೆಂಕಿ ತೆಗೆದು, ತುಸು ಆರಿದಾಗ ಮೇಣದಬತ್ತಿಯ ತುದಿಯನ್ನು ಥ್ರೆಡ್ಡಿಗೆ ಒತ್ತಿ. ಕರಗಿದ ಮೇಣ ಸಂದಿಗೆ ಎಳೆದುಕೊಳ್ಳುತ್ತದೆ, ನಟ್ಟು ಬಿಸಿಯಿರುವಾಗಲೇ ತಿರುಗಿಸಿ. ಈ ಎಲ್ಲ ಸಾಮಾನುಗಳಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಫಲ ಕೊಡುವುದು ಈ ಮೇಣದಬತ್ತಿಯೇ.

ಅದಕ್ಕೂ ಬಗ್ಗದ ನಟ್ಟನ್ನು ನಟ್ ಸ್ಪ್ಲಿಟರ್‌ನಿಂದ ಸೀಳಿ, ಅಥವಾ ಡೈ ಗ್ರೈಂಡರ್‌ನಲ್ಲಿ ಒಂದು ಪಕ್ಕೆಯನ್ನು ಥ್ರೆಡ್ ತಾಗುವ ಮುಂಚಿನವರೆಗೆ ಕೊರೆದು ಉಳಿಯಿಂದ ಬಿರುಕು ಬಿಡಿಸಿ.

ಮುರಿದ ಸ್ಟಡ್ ಹೊರಗೆ 10 ಮಿ.ಮೀ.ಗಿಂತ ಹೆಚ್ಚು ಚಾಚಿದ್ದರೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಒಳಗಿನದನ್ನು ತಿರುಗಿಸಬಹುದು. ರೋಲರ್ ಥರದ ಸ್ಟಡ್ ಎಕ್ಸ್‌ಟ್ರಾಕ್ಟರ್ ಇದಕ್ಕಿಂತ ಗಟ್ಟಿ ಹಿಡಿಯುತ್ತದೆ, ಕೊಳ್ಳಲು ಯೋಗ್ಯ. ಮಟ್ಟಕ್ಕೆ ಮುರಿದಿದ್ದರೆ ಒಳ್ಳೆಯ ವೆಲ್ಡರನ್ನು ಕರೆಯಿರಿ. ಸ್ಟಡ್ಡಿನ ಮೇಲೆ ವೆಲ್ಡಿಂಗ್ ಲೋಹ ಗುಪ್ಪೆ ಕಟ್ಟಿ, ಅದರ ಮೇಲೆ ಜಿಂಕ್ ಇಲ್ಲದ ಎಂ8 ಅಥವಾ ಎಂ10 ನಟ್ಟಿಟ್ಟು ಒಳಗಿನಿಂದ ಬೆಸೆಯಬೇಕು. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲವಾದ್ದರಿಂದ ಸ್ವಲ್ಪ ಒಳಗೆ ಮುರಿದದ್ದನ್ನೂ ಹೀಗೆ ಮೇಲೆತ್ತಬಹುದು. ಮಿಗ್ ವೆಲ್ಡಿಂಗ್ ಸಲೀಸು, ಆರ್ಕ್‌ನಲ್ಲಾದರೆ 2.5 ಮಿ.ಮೀ. ರಾಡು. ಕೆಂಪು ಆರುವವರೆಗೆ ಕಾದು ನಿಧಾನ ತಿರುಗಿಸಿ. ವೆಲ್ಡಿಂಗ್‌ನ ಬಿಸಿಯೇ ಒಳಗಿನ ತುಕ್ಕನ್ನು ಸಡಿಲಿಸಿರುತ್ತದೆ. ಮೊದಲ ಸಲ ವೆಲ್ಡಿಂಗ್ ಕಿತ್ತುಬಂದರೆ ಮತ್ತೆ ಮಾಡಿ. ಮೂರನೆಯ ನಾಲ್ಕನೆಯ ಬಿಸಿಗೆ ಬರುವುದೂ ಉಂಟು.

ಡ್ರಿಲ್ ಮಾಡುವುದು ಕೊನೆಯ ಮಾತು. ಮುರಿದ ಮುಖವನ್ನು ಮಟ್ಟ ಮಾಡಿ, ನಡುವಿಗೆ ಪಂಚ್ ಹೊಡೆದು, ಗೈಡ್ ಬುಷ್ ಹಿಡಿದು 3 ಮಿ.ಮೀ., ಆಮೇಲೆ 5, ಕೊನೆಗೆ 6.8. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕಿದರೆ ಹಣ ಕೊಟ್ಟು ತನ್ನಿ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಹೊರಬರುತ್ತದೆ. ಗೈಡ್ ಇಲ್ಲದೆ ಕೊರೆದರೆ ಡ್ರಿಲ್ ಬಿಟ್ ಗಡಸು ಸ್ಟಡ್ಡನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆ ಜಾರುತ್ತದೆ. ಈಜಿ ಔಟ್ ಎಂದು ಸೆಟ್ ಮಾಡಿ ಮಾರುವ ಸಪೂರ ಎಕ್ಸ್‌ಟ್ರಾಕ್ಟರನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ನಟ್ಟಿಗೇ ಬಗ್ಗದೆ ಮುರಿದ ಸ್ಟಡ್ ಅದಕ್ಕಿಂತ ತೆಳುವಾದ ಗಡಸು ಕಡ್ಡಿಗೆ ಬಗ್ಗುವುದು ಅಪರೂಪ. ಕಡ್ಡಿ ಒಳಗೇ ಮುರಿದರೆ ಯಾವ ಡ್ರಿಲ್ಲೂ ಅದನ್ನು ಕೊರೆಯದು. ಹೆಡ್ ಇಳಿಸಿ, ಪೀಣ್ಯದಂಥ ಕಡೆ ವಿದ್ಯುತ್ ಕಿಡಿಯಿಂದ ಲೋಹ ಕೊರೆದು ತೆಗೆಯುವ ಸ್ಪಾರ್ಕ್ ಎರೋಷನ್ ಮಾಡುವವರ ಬಳಿ ಒಯ್ಯಬೇಕಾಗುತ್ತದೆ.

ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ನಿಜವಾಗಿಯೂ ಒಳ್ಳೆಯ ಪರಿಹಾರ, ಅಲ್ಯೂಮಿನಿಯಂನಲ್ಲಿ ಮೂಲ ಥ್ರೆಡ್ಡಿಗಿಂತ ಗಟ್ಟಿ. ಎಂ8ಗೆ 8.3 ಅಥವಾ 8.4 ಮಿ.ಮೀ. ಕೊರೆದು, ಕಿಟ್‌ನಲ್ಲಿ ಬರುವ ಟ್ಯಾಪನ್ನೇ ಹೊಡೆದು, 12 ಅಥವಾ 16 ಮಿ.ಮೀ. ಉದ್ದದ ಸುರುಳಿಯನ್ನು ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ಕೂರಿಸಿ, ಬಾಲ ಮುರಿದು ತೆಗೆಯಿರಿ. 10 ಮಿ.ಮೀ.ಗೆ ಕೊರೆದು ದೊಡ್ಡ ಸ್ಟಡ್ ಹಾಕಿಕೊಡುತ್ತೇನೆ ಎನ್ನುವವರ ಮಾತಿಗೆ ಒಪ್ಪಬೇಡಿ, ಪಕ್ಕದಲ್ಲಿ ನೀರಿನ ದಾರಿಯಿದ್ದರೆ ಗೋಡೆ ತೆಳುವಾಗುತ್ತದೆ.

ಕೂಡಿಸುವ ಮುನ್ನ ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. 0.10 ಮಿ.ಮೀ. ಗೇಜ್ ಒಳಗೆ ಹೋದರೆ ಹೆಡ್ ಕೆಲಸ ಮಾಡುವ ಅಂಗಡಿಯಲ್ಲಿ ಗ್ರೈಂಡ್ ಮಾಡಿಸಬೇಕು. ಸೊಟ್ಟಗಿರುವ ಮ್ಯಾನಿಫೋಲ್ಡನ್ನು ನಟ್ಟಿನ ಬಲದಿಂದ ಎಳೆದು ಕೂರಿಸಿದರೆ ಹೊಸ ಸ್ಟಡ್ ಕೂಡ ಹಳೆಯದರ ಹಾದಿ ಹಿಡಿಯುತ್ತದೆ. ತೂತುಗಳಿಗೆ ಕೈಯಲ್ಲೇ ಟ್ಯಾಪ್ ಬಿಟ್ಟು, ಕನ್ನಡಕ ಹಾಕಿಕೊಂಡು ಗಾಳಿ ಹೊಡೆದು ಶುಚಿ ಮಾಡಿ.

ಆಂಟಿಸೀಜ್‌ಗಳಲ್ಲಿ ತಾಮ್ರದ್ದು ಸುಮಾರು 980 ಡಿಗ್ರಿವರೆಗೆ, ನಿಕಲ್‌ನದು 1300ರವರೆಗೆ ತಡೆಯುತ್ತದೆ. ಮಾಮೂಲಿ ಉಕ್ಕಿನ ಸ್ಟಡ್ಡಿಗೆ ತಾಮ್ರದ್ದೇ ಬೇಕಾದಷ್ಟಾಯಿತು. ಥ್ರೆಡ್ಡಿಗೆ ತೆಳುವಾಗಿ ಸವರಿ, ಆಕ್ಸಿಜನ್ ಸೆನ್ಸರ್ ತುದಿಗೆ ತಾಗಿಸಬೇಡಿ. ಸ್ಟಡ್ಡನ್ನು ಹೆಡ್ಡಿಗೆ ಕೈಬಿಗಿಗಿಂತ ತುಸು ಹೆಚ್ಚು, 8ರಿಂದ 10 ನ್ಯೂಟನ್ ಮೀಟರ್ ಬಿಗಿದರೆ ಸಾಕು. ನಟ್ಟುಗಳನ್ನು ಮಧ್ಯದಿಂದ ತುದಿಗಳ ಕಡೆಗೆ ಮೂರು ಸುತ್ತಿನಲ್ಲಿ, 8, 15, ಕೊನೆಗೆ 20ರ ಆಸುಪಾಸು. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಂಕಿ ಒಣ ಥ್ರೆಡ್ಡಿನದಾಗಿದ್ದರೆ, ಆಂಟಿಸೀಜ್ ಹಚ್ಚಿದ ಮೇಲೆ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿ.

ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ತಣ್ಣಗಿರುವಾಗ ಅದೇ ಕ್ರಮದಲ್ಲಿ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಹೊಸ ಪ್ಯಾಕಿಂಗ್ ಕುಳಿತು ತುದಿಯ ನಟ್ಟುಗಳು ಕೊಂಚ ತಿರುಗುತ್ತವೆ. ಮುಂದೆ ಯಾವಾಗಲಾದರೂ ಬಿಚ್ಚಿದರೆ ತಾಮ್ರದ ನಟ್ಟುಗಳನ್ನು ಮತ್ತೆ ಬಳಸಬೇಡಿ, ಒಮ್ಮೆ ಬಿಚ್ಚಿದ ಮೇಲೆ ಅವುಗಳ ಬಾಯಿಗೆ ಮೊದಲಿನ ಹಿಡಿತ ಇರುವುದಿಲ್ಲ. ಕೊಳ್ಳುವಾಗಲೇ ಎರಡು ಸೆಟ್ ತಂದು ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.